ಗೆಳೆಯನಿಗೊಂದು ಪತ್ರ: ನನ್ನ ಊರು, ನನಗಿಲ್ಲದ ವೋಟು

ಪ್ರೀತಿಯ ದೋಸ್ತ,

ನಿಮ್ಮ ಹಾಸ್ಟೆಲ್‌ನಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ ಅಂತ ನಿಮ್ಮಮ್ಮ ಹೇಳಿದರು. ಅದಕ್ಕೇ ಈ ಕಾಗದ. ದಸರಾ ರಜೆ ಮುಗಿಸಿ ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೆಯಲ್ಲ, "ಹದಿನೆಂಟು ತುಂಬಿದ ಮೇಲೆ ನೀನು ಯಾವ ದೇಶದವನಾಗ್ತೀಯ?" ಅಂತ. ಅಷ್ಟರಲ್ಲಿ ಬಸ್ ಬಂತು. ಉತ್ತರ ಈಗ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಅಪ್ಪಾಜಿ ಇಲ್ಲಿನ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಓದಿ ಐರ್ಲೆಂಡಿನ ಕಾರ್ಕ್‌ಗೆ ಡಾಕ್ಟರಾಗಿ ಹೋಗಿದ್ದು, ಅಮ್ಮ ಪೋಲೆಂಡಿನಿಂದ ನರ್ಸಾಗಿ ಅದೇ ಊರಿಗೆ ಬಂದಿದ್ದು, ಅಜ್ಜನಿಗೆ ಹುಷಾರಿಲ್ಲ ಅಂತ ನಾವೆಲ್ಲ ದಾವಣಗೆರೆಗೆ ಬಂದು ಇಲ್ಲೇ ಉಳಿದಿದ್ದು, ಇಷ್ಟು ನಿನಗೆ ಗೊತ್ತು. ಕಾಗದಪತ್ರದ ಕಥೆ ಮಾತ್ರ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ. ನಾನು ಹುಟ್ಟಿದ್ದು ಕಾರ್ಕ್‌ನಲ್ಲಿ, ಹಾಗಾಗಿ ಐರ್ಲೆಂಡ್ ಪಾಸ್‌ಪೋರ್ಟ್ ಇದೆ. ಅಮ್ಮನಿಂದ ಪೋಲೆಂಡಿನ ಪೌರತ್ವವೂ ಬಂತು. ಅಪ್ಪಾಜಿ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲೇ ಇಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ನನಗೆ ಸಿಕ್ಕಿದ್ದು ಓಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್. ಅದಿದ್ದರೆ ವೀಸಾ ಇಲ್ಲದೆ ಎಷ್ಟು ವರ್ಷ ಬೇಕಾದರೂ ಇಲ್ಲಿರಬಹುದು, ಓದಬಹುದು, ಮನೆ ಕೊಳ್ಳಬಹುದು. ಹೊಲ ಕೊಳ್ಳುವಂತಿಲ್ಲ. ಚುನಾವಣೆಗೆ ನಿಲ್ಲುವಂತಿಲ್ಲ. ವೋಟೂ ಇಲ್ಲ.

ಈ ವೋಟಿನ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಯಾಕೆ ಅಂತ ಹೇಳುತ್ತೇನೆ. 2019ರ ಮೇ ತಿಂಗಳಲ್ಲಿ ಕಾರ್ಕ್ ನಗರಸಭೆಗೆ ಚುನಾವಣೆ ನಡೆಯಿತು. ಅಪ್ಪಾಜಿ ನನ್ನ ಕೈ ಹಿಡಿದುಕೊಂಡು ವೋಟು ಹಾಕಲು ಹೋದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ! ಅಲ್ಲಿ ಸ್ಥಳೀಯ ಚುನಾವಣೆಯಲ್ಲಿ ಆ ಊರಲ್ಲಿ ವಾಸವಾಗಿರುವ ದೊಡ್ಡವರೆಲ್ಲರೂ ವೋಟು ಹಾಕಬಹುದು, ಯಾವ ದೇಶದವರು ಅಂತ ಕೇಳುವುದಿಲ್ಲ. ಪಾರ್ಲಿಮೆಂಟಿಗೆ ಆಗುವುದಿಲ್ಲ, ಊರಿನ ಮಟ್ಟಕ್ಕೆ ಮಾತ್ರ. ಚೀಟಿಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಎಣಿಕೆ ಕೈಯಲ್ಲೇ ಆಗುತ್ತದೆ, ದಿನಗಟ್ಟಲೆ ನಡೆಯುತ್ತದೆ. ನಮ್ಮ ಬೀದಿಯ ಕಸ, ನೀರು, ಫುಟ್‌ಪಾತ್ ಬಗ್ಗೆ ಮಾತಾಡುವ ಹಕ್ಕು ಅಲ್ಲಿ ವಾಸ ಮಾಡುವವರಿಗಿದೆ ಅನ್ನುವುದು ಅವರ ಲೆಕ್ಕ. ಅದು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇಲ್ಲಿ ನೋಡು. ನಮ್ಮ ಮಹಾನಗರ ಪಾಲಿಕೆಯ 45 ವಾರ್ಡ್‌ಗಳಲ್ಲಿ ಒಂದರಲ್ಲಿ ನಾನಿದ್ದೇನೆ. ಬೇಸಿಗೆಯಲ್ಲಿ ನಲ್ಲಿ ನೀರು ಯಾವತ್ತು ಬರುತ್ತದೆ ಅಂತ ಅಜ್ಜಿಗಿಂತ ಚೆನ್ನಾಗಿ ನನಗೆ ಗೊತ್ತು. ಆದರೆ ಕಾರ್ಪೊರೇಟರ್ ಯಾರಾಗಬೇಕು ಅನ್ನುವುದರಲ್ಲಿ ನನ್ನ ಮಾತು ನಡೆಯುವುದಿಲ್ಲ. 2024ರ ಲೋಕಸಭಾ ಚುನಾವಣೆ ನೆನಪಿದೆಯಾ? ಮುಖ್ಯ ಅಭ್ಯರ್ಥಿಗಳು ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಇಬ್ಬರೂ ಹೆಣ್ಣುಮಕ್ಕಳು ಅಂತ ಅಮ್ಮನಿಗೆ ಬಹಳ ಖುಷಿಯಾಗಿತ್ತು. ಇಬ್ಬರೂ ರಾಜಕೀಯದ ಮನೆತನಗಳಿಂದಲೇ ಬಂದವರು ಅನ್ನುವುದು ನನ್ನ ತಕರಾರು. ಅವತ್ತು ರಾತ್ರಿ ನಿಮ್ಮ ಮನೆ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತಾ ನಿಮ್ಮ ಚಿಕ್ಕಪ್ಪನ ಜೊತೆ ಎಷ್ಟು ವಾದ ಮಾಡಿದೆವು! ಅವರು ಕೊನೆಗೆ, "ನಿನಗ್ಯಾಕಪ್ಪಾ ಇದೆಲ್ಲ, ನೀನು ಹೆಂಗೂ ವಾಪಸ್ ಹೋಗೋನು" ಅಂದರು. ಬೇಜಾರಿನಿಂದ ಅಂದಿದ್ದಲ್ಲ, ಪ್ರೀತಿಯಿಂದಲೇ ಅಂದರು. ಆದರೂ ಆ ಮಾತು ನನ್ನೊಳಗೆ ಉಳಿದುಬಿಟ್ಟಿತು.

ವಾಪಸ್ ಎಲ್ಲಿಗೆ ದೋಸ್ತ? 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರನ್ನು ಬೀದಿಯಲ್ಲಿ ಹಿಡಿದು ಹೊಡೆದರು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿಯೇ ಹುಷಾರಾಗಿರಿ ಅಂತ ಸೂಚನೆ ಕೊಟ್ಟಿತು. ವಾಟರ್‌ಫರ್ಡ್‌ನಲ್ಲಿ ಮನೆ ಮುಂದೆ ಆಡುತ್ತಿದ್ದ ಆರು ವರ್ಷದ ಭಾರತೀಯ ಮೂಲದ ಹುಡುಗಿಯ ಮೇಲೂ ಕೈ ಮಾಡಿದರು. ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಇದೇ ದೇಶ 2017ರಲ್ಲಿ ಲಿಯೋ ವರಾಡ್ಕರ್ ಅವರನ್ನು ಪ್ರಧಾನಿ ಮಾಡಿತ್ತು. ಅವರ ತಂದೆ ಮುಂಬೈಯಿಂದ ಬಂದ ಡಾಕ್ಟರ್, ತಾಯಿ ಐರಿಷ್ ನರ್ಸ್. ನಮ್ಮ ಮನೆಯಂಥದೇ ಮನೆ, ಅಲ್ವಾ? ಅವರು ಪ್ರಧಾನಿಯಾಗಿದ್ದಾಗಲೇ ಮಾಲ್ವಣ್ ಹತ್ತಿರದ ತಮ್ಮ ತಂದೆಯ ಹಳ್ಳಿಗೆ ಬಂದು ಹೋದರು. ನಾನು ಸಣ್ಣವನಿದ್ದಾಗ ಅಪ್ಪಾಜಿ ಟಿವಿಯಲ್ಲಿ ಅವರನ್ನು ತೋರಿಸಿ, "ನೋಡು" ಅಂತ ಅಷ್ಟೇ ಹೇಳುತ್ತಿದ್ದರು. ಪ್ರಧಾನಿ ಮಾಡಿದವರೂ ಅಲ್ಲಿಯವರೇ, ಮಗುವಿಗೆ ಹೊಡೆದವರೂ ಅಲ್ಲಿಯವರೇ. ಹೊಡೆದವರು ಕೆಲವೇ ಮಂದಿ ಅಂತ ನನಗೆ ಗೊತ್ತು. ಕಾರ್ಕ್‌ನ ನಮ್ಮ ಪಕ್ಕದ ಮನೆಯ ಅಜ್ಜಿ ಆ ವಾರ ಫೋನ್ ಮಾಡಿ ಅತ್ತರು. ಎರಡನ್ನೂ ನಾನು ಒಟ್ಟಿಗೇ ಇಟ್ಟುಕೊಳ್ಳಬೇಕು.

ಇನ್ನೊಂದು ಸಂಗತಿ. ನಿನಗೆ ಹೇಳಲು ಸಮಯವೇ ಸಿಗಲಿಲ್ಲ. ಈ ಸಲ ದಸರಾ ಹೊತ್ತಿಗೆ ಜಾತಿ ಸಮೀಕ್ಷೆಗೆ ಒಬ್ಬರು ಮೇಷ್ಟ್ರು ನಮ್ಮ ಮನೆಗೂ ಬಂದಿದ್ದರು. 60 ಪ್ರಶ್ನೆ. ಪಾಪ, ಅವರಿಗೆ ಆ್ಯಪ್ ಕೈಕೊಡುತ್ತಿತ್ತು. ಅಜ್ಜಿ ಎರಡು ಸಲ ಟೀ ಕೊಟ್ಟರು. ಅಜ್ಜ ತಮ್ಮ ಜಾತಿ, ಉಪಜಾತಿ ಎರಡನ್ನೂ ಪಟಪಟ ಹೇಳಿದರು. ಅಮ್ಮನ ಸರದಿ ಬಂದಾಗ ಮೇಷ್ಟ್ರು ತಲೆ ಎತ್ತಿ, "ಮೇಡಂ ಅವರದ್ದು?" ಅಂದರು. ಅಮ್ಮ ಕನ್ನಡದಲ್ಲೇ, "ನನಗೆ ಇಲ್ಲ ಸರ್" ಅಂದಳು. ನನ್ನದನ್ನು ಯಾರೂ ಕೇಳಲಿಲ್ಲ, ತಂದೆಯದೇ ಬರೆದುಕೊಂಡರು. ಸಮೀಕ್ಷೆ ಬೇಕು ಅನ್ನುವವನೇ ನಾನು. ಯಾರಿಗೆ ಏನು ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅಂತ ಎಣಿಸದೆ ಗೊತ್ತಾಗುವುದು ಹೇಗೆ? ಆದರೆ ಅವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಜಾತಿಯ ಪಟ್ಟಿಯಲ್ಲಿ ನನಗೆ ಒಂದೇ ನಿಮಿಷದಲ್ಲಿ ಜಾಗ ಸಿಕ್ಕಿತು. ಮತದಾರರ ಪಟ್ಟಿಯಲ್ಲಿ ಸಿಗುವುದಿಲ್ಲ.

ಕಾಲೇಜಿನ ವಿಷಯ ಜಾಸ್ತಿ ಬರೆಯುವುದಿಲ್ಲ, ನಿನಗೂ ಅದೇ ಗೋಳು. ನೀಟ್, ಸಿಇಟಿ, ಭಾನುವಾರ ಟೆಸ್ಟ್. ಕಾರ್ಕ್‌ನಲ್ಲಿ ನನ್ನ ಜೊತೆ ಓದುತ್ತಿದ್ದ ಹುಡುಗ ಈಚೆಗೆ ಟ್ರಾನ್ಸಿಷನ್ ಇಯರ್ ಮುಗಿಸಿದ. ನಮ್ಮ ಹತ್ತನೇ ಕ್ಲಾಸಿನ ವಯಸ್ಸಿನಲ್ಲಿ ಬರುವ ಒಂದು ಇಡೀ ವರ್ಷ ಅದು. ಬೋರ್ಡ್ ಪರೀಕ್ಷೆ ಇಲ್ಲ. ಅವನು ವೃದ್ಧಾಶ್ರಮದಲ್ಲಿ ಕೆಲಸ ಮಾಡಿದ, ನಾಟಕ ಆಡಿದ. 1974ರಿಂದಲೂ ಅಲ್ಲಿ ಇದು ನಡೆದುಕೊಂಡು ಬಂದಿದೆ. ನಮ್ಮೂರಿನಲ್ಲಿ ಇಷ್ಟೊಂದು ಕಾಲೇಜುಗಳಿವೆ, ಒಂದಾದರೂ ಒಂದು ತಿಂಗಳ ಮಟ್ಟಿಗೆ ಇದನ್ನು ಮಾಡಿ ನೋಡಬಾರದಾ? ನೀಟ್ ವಿಷಯದಲ್ಲೂ ನನ್ನ ಕಾರ್ಡ್ ಅಡ್ಡ ಬರುತ್ತಿತ್ತು. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಓಸಿಐನವರಿಗೆ ಎನ್‌ಆರ್‌ಐ ಸೀಟು ಮಾತ್ರ. ಆ ತಾರೀಖಿಗಿಂತ ಮೊದಲು ಕಾರ್ಡ್ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಕಾರ್ಡ್ ನಾನು ಕೂಸಾಗಿದ್ದಾಗಿನದು, ಬಚಾವಾದೆ. ಆ ತಾರೀಖಿನ ನಂತರ ಕಾರ್ಡ್ ಪಡೆದ ನನ್ನ ತಂಗಿಯಂಥವರ ಗತಿ?

ಭಾಷೆಯ ಬಗ್ಗೆ ಮಾತ್ರ ಇಲ್ಲಿ ನನಗೆ ನೆಮ್ಮದಿ. ಐರ್ಲೆಂಡಿನಲ್ಲಿ ಶಾಲೆಗಳಲ್ಲಿ ಐರಿಷ್ ಕಲಿಸುತ್ತಾರೆ, ಸಂವಿಧಾನದಲ್ಲಿ ಅದೇ ಮೊದಲ ಭಾಷೆ. ಆದರೆ 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನಾಲೂ ಅದನ್ನು ಮಾತಾಡುತ್ತೇವೆ ಅಂದವರು ಸುಮಾರು 72 ಸಾವಿರ ಮಂದಿ ಮಾತ್ರ. ನಮ್ಮ ದಾವಣಗೆರೆಯ ಕೆ.ಆರ್. ಮಾರ್ಕೆಟ್‌ನಲ್ಲಿ ಅಮ್ಮ ಕನ್ನಡದಲ್ಲಿ ಚೌಕಾಸಿ ಮಾಡುವಾಗ ನನಗೆ ಅದು ನೆನಪಾಗುತ್ತದೆ. ಸಂತೆಯಲ್ಲಿ ಬದುಕಿರುವ ಭಾಷೆ ದೊಡ್ಡ ಆಸ್ತಿ. ನಮ್ಮ ಕ್ಲಾಸಿನವರು ಕನ್ನಡ ಓದಲು ಬರುವುದಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡಾಗ ನನಗೆ ಸಿಟ್ಟೇ ಬರುತ್ತದೆ.

ಈಗ ಆಟ. ಹೈಸ್ಕೂಲ್ ಮೈದಾನಕ್ಕೆ ನಾನು ಹರ್ಲಿಂಗ್ ಅನ್ನುವ ಐರ್ಲೆಂಡಿನ ಚೆಂಡಾಟದ ಕೋಲು ತಂದ ದಿನ ನೀವೆಲ್ಲ ಅದರಲ್ಲಿ ಕ್ರಿಕೆಟ್ ಆಡಿಬಿಟ್ಟಿರಿ! ಆ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಏನು ಗೊತ್ತಾ? ದೊಡ್ಡ ದೊಡ್ಡ ಆಟಗಾರರಿಗೂ ಸಂಬಳ ಇಲ್ಲ. ಮೇಷ್ಟ್ರು, ರೈತರು, ಬಡಗಿಗಳು ಸಂಜೆ ಪ್ರಾಕ್ಟೀಸ್ ಮಾಡಿ 82 ಸಾವಿರ ಜನರ ಮುಂದೆ ಫೈನಲ್ ಆಡುತ್ತಾರೆ. ತಮ್ಮ ಊರು, ತಮ್ಮ ಜಿಲ್ಲೆಗಾಗಿ ಆಡುತ್ತಾರೆ, ಹರಾಜು ಇಲ್ಲ. 2024ರ ಫೈನಲ್‌ನಲ್ಲಿ ಕಾರ್ಕ್ ಒಂದೇ ಪಾಯಿಂಟ್‌ನಿಂದ ಸೋತಿತು. 2025ರಲ್ಲಿ ಅರ್ಧ ಆಟಕ್ಕೆ ಆರು ಪಾಯಿಂಟ್ ಮುಂದಿದ್ದವರು, ಉಳಿದರ್ಧದಲ್ಲಿ ಬರೀ ಎರಡು ಪಾಯಿಂಟ್ ಗಳಿಸಿ ಸೋತರು. ಇಲ್ಲಿ ಅದು ರಾತ್ರಿ ಎಂಟರ ಹೊತ್ತು. ಅಜ್ಜ ನನ್ನ ಪಕ್ಕ ಕುಳಿತು ಆಟ ಅರ್ಥವಾಗದಿದ್ದರೂ ಪೂರ್ತಿ ನೋಡಿದರು. ಅದೇ ಅಜ್ಜನಿಗೆ ವಿನಯ್ ಕುಮಾರ್ ಅಂದರೆ ಪ್ರಾಣ. ನಮ್ಮೂರ ಆಟೋ ಡ್ರೈವರ್ ಮಗ ಪರ್ತ್‌ನಲ್ಲಿ ಟೆಸ್ಟ್ ಆಡಿದ, ಕರ್ನಾಟಕಕ್ಕೆ ಸಾಲಾಗಿ ಎರಡು ರಣಜಿ ಗೆದ್ದುಕೊಟ್ಟ ಅಂತ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

"ಭಾರತ-ಐರ್ಲೆಂಡ್ ಮ್ಯಾಚ್ ಆದರೆ ಯಾರ ಕಡೆ?" ಅಂತ ಎಲ್ಲರೂ ಕೇಳುತ್ತಾರೆ. ಕೇಳಲಿ, ಅದು ಸುಲಭದ ಪ್ರಶ್ನೆ. ಕ್ರಿಕೆಟ್ ಆದರೆ ಭಾರತ, ರಗ್ಬಿ ಆದರೆ ಐರ್ಲೆಂಡ್, ವಾಲಿಬಾಲ್ ಆದರೆ ಪೋಲೆಂಡ್. 2011ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ ಕೆವಿನ್ ಓಬ್ರಿಯನ್ 50 ಎಸೆತಕ್ಕೆ ನೂರು ಹೊಡೆದು ಇಂಗ್ಲೆಂಡನ್ನು ಸೋಲಿಸಿದ ಮ್ಯಾಚ್‌ನ ವಿಡಿಯೋ ನೋಡುವಾಗ ನನಗೆ ಎರಡೂ ಊರು ಒಂದೇ ಅನ್ನಿಸುತ್ತದೆ. ಕಷ್ಟದ ಪ್ರಶ್ನೆ ಬೇರೆ: ನಾನು ಯಾರ ಪರ ಆಡಬಹುದು? ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಸಾಕು, ಆ ದೇಶದ ಪೌರತ್ವ ಸಿಗುತ್ತದೆ. 1990ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದ ಅವರ ತಂಡದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು ಬಹಳ ಜನ ಇದ್ದರು. ಭಾರತದಲ್ಲಿ 2008ರಿಂದ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ದೇಶದ ಜೆರ್ಸಿ. ಅದಕ್ಕಾಗಿ ಅರಾಟಾ ಇಜುಮಿ ಜಪಾನಿನ ಪೌರತ್ವ ಬಿಟ್ಟರು. ಈಗ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ್ದನ್ನು ಬಿಟ್ಟಿದ್ದಾರೆ. ನಾನೇನೂ ಅವರ ಮಟ್ಟದ ಆಟಗಾರನಲ್ಲ. ಆದರೆ ಒಂದು ದೇಶಕ್ಕಾಗಿ ಇನ್ನೊಂದನ್ನು ಬಿಟ್ಟವರನ್ನು ನೋಡಿದಾಗ ಗೌರವ ಹುಟ್ಟುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಓಸಿಐ ಆಗಿ ಐದು ವರ್ಷ ಕಳೆದಿದ್ದು, ಅರ್ಜಿಗೆ ಮೊದಲು ಒಂದು ವರ್ಷ ಇಲ್ಲೇ ವಾಸವಿದ್ದರೆ, ಹದಿನೆಂಟು ತುಂಬಿದ ಮೇಲೆ ಭಾರತದ ಪೌರತ್ವ ಕೇಳಬಹುದು. ಉಳಿದೆರಡನ್ನು ಬಿಡಬೇಕು. ನನ್ನ ಮನಸ್ಸು ಆ ಕಡೆಗೇ ವಾಲುತ್ತಿದೆ. ನಾನು ಬದುಕುವ ಊರಿನಲ್ಲಿ ಸುಮ್ನೆ ನೋಡುತ್ತಾ ಕೂರಲು ನನಗೆ ಇಷ್ಟವಿಲ್ಲ. ನೀರಿನ ಬಗ್ಗೆ, ಕಾಲೇಜಿನ ಬಗ್ಗೆ ಜಗಳ ಆಡಬೇಕು, ವೋಟು ಹಾಕಬೇಕು, ಬೇಕಾದರೆ ಚುನಾವಣೆಗೂ ನಿಲ್ಲಬೇಕು.

ಅಮ್ಮ ಒಪ್ಪುತ್ತಿಲ್ಲ. ಅವಳ ಮಾತಿಗೂ ತೂಕ ಇದೆ. ಕಮ್ಯುನಿಸ್ಟ್ ಕಾಲದ ಪೋಲೆಂಡಿನಲ್ಲಿ ಪಾಸ್‌ಪೋರ್ಟ್ ಜನರ ಮನೆಯಲ್ಲಿ ಇರುತ್ತಿರಲಿಲ್ಲ. ಪೊಲೀಸ್ ಕಚೇರಿಯಲ್ಲಿರುತ್ತಿತ್ತು. ಹೊರಗೆ ಹೋಗಿ ಬಂದರೆ ವಾಪಸ್ ಕೊಡಬೇಕು. ಅವಳ ಅಪ್ಪ ಹಾಗೆ ಬೇಡಿ ಪಡೆದು, ವಾಪಸ್ ಕೊಟ್ಟವರು. "ನಮ್ಮಪ್ಪನ ಕೈಗೆ ಸಿಗದಿದ್ದನ್ನು ನೀನು ನಿನ್ನ ಕೈಯಾರೆ ಬಿಡ್ತೀಯಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪಾಜಿ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಡಿಗ್ರಿ ಮುಗಿಯುವವರೆಗೆ ಕಾಯೋಣ ಅಂತ ಸದ್ಯಕ್ಕೆ ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. 2028ರ ವಿಧಾನಸಭಾ ಚುನಾವಣೆಗೆ ನನ್ನ ವೋಟು ಇರುವುದಿಲ್ಲ ಅಂತಾಯಿತು.

ನಿನ್ನದು ಇರಬೇಕು. 17 ತುಂಬಿದವರು ಮತದಾರರ ಪಟ್ಟಿಗೆ ಸೇರುವ ಫಾರ್ಮ್ 6 ಮುಂಚಿತವಾಗಿಯೇ ಕೊಡಬಹುದು, 18 ತುಂಬಿದ ಮೇಲೆ ಹೆಸರು ಸೇರಿಸುತ್ತಾರೆ. ಆ ಹಾಸ್ಟೆಲ್ ಗದ್ದಲದಲ್ಲಿ ನಿನಗೆ ಇದು ನೆನಪಿರುವುದಿಲ್ಲ ಅಂತ ಗೊತ್ತು. ಮುಂದಿನ ರಜೆಗೆ ಬರುವಾಗ ಆಧಾರ್ ಕಾರ್ಡ್, ಒಂದು ಫೋಟೋ ತಾ. ಫಾರ್ಮ್ ನಾನೇ ತುಂಬುತ್ತೇನೆ, ನೀನು ಸಹಿ ಹಾಕು.

ನಿನ್ನ ದೋಸ್ತ
ದಾವಣಗೆರೆ