ಪದ್ಯ ಹೇಳಿಸುವುದನ್ನು ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಮೊಮ್ಮಗನ ಶಾಲೆಯ ಪೋಷಕರ ಸಭೆಗೆ ಮಗಳ ಬದಲು ನಾನು ಹೋಗಿದ್ದೆ. ಯುಕೆಜಿ ಮಕ್ಕಳಿಗೆ ಇನ್ನು ಪದ್ಯ, ಮಗ್ಗಿ ಒಟ್ಟಿಗೆ ಹೇಳಿಸುವುದಿಲ್ಲವಂತೆ. ಬಾಯಿಪಾಠ ಹಳೇ ಕಾಲದ್ದು, ಅರ್ಥವಾದರೆ ಸಾಕು ಎಂದರು. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು ನಾನು. ಸುಮ್ನೆ ಕೂರಲು ಮನಸ್ಸಾಗಲಿಲ್ಲ, ಮಾತಾಡಲು ಸಮಯ ಕೊಡಲಿಲ್ಲ, ಅದಕ್ಕೇ ಈ ಪತ್ರ.

ಅರ್ಥ ಬೇಡ ಎಂದು ಯಾರು ಹೇಳುತ್ತಾರೆ? ಆದರೆ ಮಾತಿನ ಅರ್ಧ ಅರ್ಥ ದನಿಯ ಏರಿಳಿತದಲ್ಲೇ ಇರುತ್ತದೆ, ಅಲ್ವಾ? ‘ಹೂಂ’ ನೋಡಿ. ಒಪ್ಪಿಗೆಗೂ ಹೂಂ, ‘ಏನಂದೆ?’ ಎನ್ನುವುದಕ್ಕೂ ಹೂಂ, ‘ನೀನು ಹೇಳಿದ್ದು ನಂಬಿದೆ ಬಿಡು’ ಎನ್ನುವುದಕ್ಕೂ ಅದೇ ಹೂಂ, ಸ್ವಲ್ಪ ಎಳೆದು. ಮೊಮ್ಮಗ ಮೂರನ್ನೂ ಸರಿಯಾಗಿ ಹಿಡಿಯುತ್ತಾನೆ. ಯಾರೂ ಕೂರಿಸಿ ಕಲಿಸಿಲ್ಲ, ಕೇಳಿ ಕೇಳಿ ತಲೆಯಲ್ಲಿ ಕೂತಿದೆ. ಹಳಿ ಹಳ್ಳಿಯಾಗುವುದು, ಎಲೆ ಎಲ್ಲೆಯಾಗುವುದು ಕೂಡ ನಡುವೆ ಒಂದು ಚೂರು ತಡೆಯುವುದರಿಂದಲೇ.

ದನಿಯ ಈ ನೆನಪು ಮಗು ಹುಟ್ಟುವ ಮೊದಲೇ ಶುರುವಾಗುತ್ತದೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ಬಸುರಿಯರು ಕೊನೆಯ ಆರು ವಾರ ದಿನಾ ಒಂದೇ ಮಕ್ಕಳ ಕಥೆಯನ್ನು ಜೋರಾಗಿ ಓದಿದ್ದರು. ಹುಟ್ಟಿದ ಎರಡು ಮೂರು ದಿನಕ್ಕೆ, ನಿಪ್ಪಲ್ ಚೀಪುವ ರೀತಿ ಬದಲಿಸಿದರೆ ಬೇಕಾದ ಕಥೆ ಕೇಳಿಸುವ ಹಾಗೆ ಮಾಡಿದಾಗ, ಕೂಸುಗಳು ಹೊಟ್ಟೆಯಲ್ಲಿದ್ದಾಗ ಕೇಳಿದ ಕಥೆಯ ಕಡೆಗೇ ವಾಲಿದವು, ಓದುವ ದನಿ ಬೇರೆ ಹೆಂಗಸಿನದಾದರೂ. ಅಲ್ಲಿ ಪದಗಳು ಎಲ್ಲಿ ಸರಿಯಾಗಿ ಕೇಳಬೇಕು! ಒಳಗೆ ಇಳಿಯುವುದು ಧಾಟಿ. 2009ರಲ್ಲಿ ಬೇರೆ ಸಂಶೋಧಕರು ಎಳೆ ಕೂಸುಗಳ ಅಳುವನ್ನೂ ಅಳೆದು ನೋಡಿದರು: ಫ್ರೆಂಚ್ ಕೂಸುಗಳ ಅಳು ಏರುತ್ತಾ ಹೋದರೆ ಜರ್ಮನ್ ಕೂಸುಗಳದ್ದು ಇಳಿಯುತ್ತಿತ್ತು, ಅವರವರ ಮನೆಮಾತಿನ ಹಾಗೆ.

ವಾಕ್ಯದ ಕೊನೆಯಲ್ಲಿ ದನಿ ಏರಿತೋ ಇಳಿಯಿತೋ ಗೊತ್ತಾಗಬೇಕಾದರೆ ಮೊದಲಲ್ಲಿ ಅದು ಎಲ್ಲಿತ್ತು ಎಂಬುದು ನೆನಪಿರಬೇಕು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ‘ಅಜ್ಜ, ಸಂತೆಗೆ, ಹೋಗಿ, ಬಂದನೇ’ ಎಂದು ಬಿಡಿ ಬಿಡಿಯಾಗಿ, ಒಂದೇ ದನಿಯಲ್ಲಿ ಓದುತ್ತಿದ್ದ. ಅದು ಪ್ರಶ್ನೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಕೊನೆಯ ಪದಕ್ಕೆ ಬರುವಷ್ಟರಲ್ಲಿ ಮೊದಲಿನದು ಜಾರಿರುತ್ತಿತ್ತು. ಅದೇ ಹುಡುಗ ಎಂಟು ಸಾಲಿನ ಪದ್ಯವನ್ನು ತಲೆ ಆಡಿಸಿಕೊಂಡು ಒಂದಕ್ಷರ ತಪ್ಪದೆ ಹೇಳುತ್ತಿದ್ದ! ಸರಿ, ಪಾಠದ ವಾಕ್ಯವನ್ನೂ ಪದ್ಯದ ಹಾಗೆ ನಾನು ಮೊದಲು ಹೇಳುವುದು, ಅವನು ನನ್ನ ಹಿಂದೆ ಹೇಳುವುದು, ಪುಸ್ತಕ ತೆಗೆಯುವುದು ಆಮೇಲೆ ಎಂದು ಮಾಡಿಕೊಂಡೆವು. ದೀಪಾವಳಿ ಹೊತ್ತಿಗೆ ಅವನ ‘ಬಂದನೇ’ ಮೇಲಕ್ಕೆ ಏರಿತು.

ಓದು ಬಾರದವರ ಬಾಯಲ್ಲೂ ಕುಮಾರವ್ಯಾಸನ ಪದ್ಯ ಇದ್ದದ್ದು ಭಾಮಿನಿ ಷಟ್ಪದಿಯ, ಮೂರು ಮಾತ್ರೆ ನಾಲ್ಕು ಮಾತ್ರೆ ಸರದಿಯಾಗಿ ಬರುವ ನಡೆಯಿಂದಲೇ ಅಲ್ಲವೇ? ಹಾಗಂತ ಮಕ್ಕಳನ್ನು ಹೆದರಿಸಿ ಉರು ಹೊಡೆಸಿ ಎನ್ನುತ್ತಿಲ್ಲ. ದಿನಕ್ಕೆ ಹತ್ತು ನಿಮಿಷ, ಚಪ್ಪಾಳೆ ತಟ್ಟಿಕೊಂಡು, ಟೀಚರೂ ಜೊತೆಗೆ ಹೇಳಲಿ. ಮೊಬೈಲಿನಲ್ಲಿ ಪದ್ಯ ಹಾಕಿ ಕೂರಿಸಿದರೆ ಮಗು ಜಾಸ್ತಿ ನೋಡುತ್ತದೆ, ಬಾಯಿ ಬಿಡುವುದಿಲ್ಲ.

ಮುಂದಿನ ಸಭೆಗೂ ನಾನೇ ಹೋಗಿ ಕೇಳುತ್ತೇನೆ ಎಂದು ಮಗಳಿಗೆ ಹೇಳಿಟ್ಟಿದ್ದೇನೆ. ‘ಹೂಂ’ ಅಂದಳು, ಎಳೆದು.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ