ಹ್ಯಾಟನ್‌ಗೆ ಕಳಿಸಿಕೊಟ್ಟ ನಿಮ್ಮೆಲ್ಲರಿಗೆ

ಎಲ್ಲರಿಗೂ ವಂದನೆಗಳು. ಶ್ರೀಲಂಕಾದ ಹ್ಯಾಟನ್‌ಗೆ, ಅಲ್ಲಿನ ಚಹಾ ತೋಟದ ಮಕ್ಕಳಿಗೆ ಹಾಡು, ಕಥೆ ಹೇಳಿಕೊಡಲು ಹೋಗಿದ್ದ ನಮ್ಮ ಸಂಡೇ ಸ್ಕೂಲ್ ತಂಡ ಸುಖವಾಗಿ ಉಡುಪಿಗೆ ವಾಪಸ್ ಬಂದಿದೆ. ಒಬ್ಬೊಬ್ಬರ ಮನೆಗೂ ಬಂದು ಥ್ಯಾಂಕ್ಸ್ ಹೇಳಬೇಕು ಅಂತ ಆಸೆ ಇತ್ತು. ಆಗುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಮಹಿಳಾ ಕೂಟದವರಿಗೆ. ಆರಾಧನೆ ಮುಗಿಯುವ ಹೊತ್ತಿಗೆ ಸರಿಯಾಗಿ ಗಸಿಯ ಪರಿಮಳ ಬಿಟ್ಟು, ಯಾರೂ ಸೀದಾ ಮನೆಗೆ ಹೋಗದ ಹಾಗೆ ಮಾಡಿದವರು ಅವರು. ವಿಮಾನದ ಟಿಕೆಟ್ ನಮ್ಮ ನಮ್ಮ ಕೈಯಿಂದಲೇ. ಆದರೆ ಮಕ್ಕಳಿಗಾಗಿ ಖರ್ಚಾದ ದುಡ್ಡು ಪೂರ್ತಿ ಆ ಪುಂಡಿ, ಕೋರಿರೊಟ್ಟಿ ಮಾರಿ ಬಂದದ್ದು. ಇನ್ನು ನಮ್ಮ ಪಕ್ಕದ ಮನೆಯ ಶೆಟ್ಟರ ಹೆಂಡತಿ. ನಮ್ಮ ಸಭೆಯವರಲ್ಲ, ದೇವಸ್ಥಾನಕ್ಕೆ ಹೋಗುವವರು. ಅಮ್ಮನ ಊಟ, ಬಿಪಿ ಮಾತ್ರೆ ಎಲ್ಲ ಅವರೇ ನೋಡಿಕೊಂಡರು. "ನೀನು ಅಲ್ಲಿ ಮಕ್ಕಳನ್ನು ನೋಡು ಮಾರಾಯ್ತಿ, ಇಲ್ಲಿ ಅಮ್ಮನನ್ನು ನಾವು ನೋಡ್ತೇವೆ" ಅಂದರು. ಅಷ್ಟಾದ ಮೇಲೆ ನನಗೆ ಹೊರಡಲು ಧೈರ್ಯ ಬಂತು.

ಲಂಕಾಕ್ಕೇ ಯಾಕೆ ಅಂತ ಕೆಲವರು ಕೇಳಿದ್ದಿರಿ. ಹ್ಯಾಟನ್ ಸುತ್ತಮುತ್ತ ಗುಡ್ಡದ ತುಂಬ ಚಹಾ ಗಿಡ, ನಡುನಡುವೆ ಸಾಲಾಗಿ ಕೂಲಿಯವರ ಲೈನ್ ಮನೆಗಳು. ಬ್ರಿಟಿಷರು ತಮಿಳುನಾಡಿನ ಕಡೆಯಿಂದ ತೋಟದ ಕೆಲಸಕ್ಕೆ ಕರೆದುಕೊಂಡು ಹೋದವರ ಸಂತತಿ ಅವರು. 1948ರಲ್ಲಿ ಲಂಕಾಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಕಾನೂನಿನಿಂದ ಇವರಲ್ಲಿ ಹೆಚ್ಚಿನವರು ಯಾವ ದೇಶದವರೂ ಅಲ್ಲದ ಹಾಗಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಲಂಕಾದ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡರು. 5,25,000 ಮಂದಿಯನ್ನು ಭಾರತಕ್ಕೆ ಕಳಿಸುವುದು ಎಂದು ಅದರಲ್ಲಿತ್ತು. ಹಾಗೆ ಬಂದ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆ ನಿಂತವು. ಅಂದರೆ ಈ ಕಥೆಯ ಅರ್ಧ ನಮ್ಮ ಜಿಲ್ಲೆಯ ಪಕ್ಕದಲ್ಲೇ ಇತ್ತು. ನಾವು ನೋಡಿರಲಿಲ್ಲ ಅಷ್ಟೇ.

ಸುಳ್ಯದ ಅಂಥ ಒಂದು ಮನೆಯ ಹುಡುಗಿ ನಮ್ಮ ತಂಡದಲ್ಲಿದ್ದಳು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳ ತಮಿಳು ಇಲ್ಲದಿದ್ದರೆ ನಾವೆಲ್ಲ ಅಲ್ಲಿ ಕೈಸನ್ನೆ ಮಾಡಿಕೊಂಡು ನಿಲ್ಲಬೇಕಿತ್ತು. ಅವಳ ತಮಿಳಿನಲ್ಲಿ ನಮ್ಮ ಕಡೆಯ ಮಾತು ಸೇರಿ ಹೋಗಿದೆ. ಎರಡನೇ ದಿನಕ್ಕೆ ಹ್ಯಾಟನ್‌ನ ಹುಡುಗರು ಒಬ್ಬರಿಗೊಬ್ಬರು "ಮಾರಾಯಾ" ಅನ್ನುತ್ತಿದ್ದರು!

ಬೆಳಿಗ್ಗೆ ಹಾಡು, ಕಥೆ, ಆಟ. ಮಧ್ಯಾಹ್ನ ಮಳೆ. ತಗಡಿನ ಮಾಡಿನ ಮೇಲೆ ಅದು ಸುರಿಯಲು ಶುರುವಾದರೆ ಮೈಕ್ ಇದ್ದರೂ ಪ್ರಯೋಜನವಿಲ್ಲ. ಒಂದು ದಿನ ಬೈಬಲಿನ ಪೇತ್ರನ ಬಲೆ ತುಂಬ ಮೀನು ಸಿಕ್ಕಿದ ಕಥೆ ಹೇಳುವುದಿತ್ತು. ಅರ್ಧ ಹೇಳಿದ್ದೇ ತಡ, ಮಳೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಸಮುದ್ರವನ್ನೇ ನೋಡಿಲ್ಲ. ದ್ವೀಪದಲ್ಲಿ ಹುಟ್ಟಿದವರು ನೋಡಿ! ಆಗ ನಮ್ಮ ಮಲ್ಪೆಯ ಹುಡುಗ ಚೀಲದಿಂದ ನೈಲಾನ್ ದಾರ ತೆಗೆದು ಕಿಟಕಿಯ ಸರಳಿಗೆ ಕಟ್ಟಿದ. ಎರಡು ಬೆರಳು ಅಡ್ಡ ಇಟ್ಟು ಬಲೆಯ ಕಣ್ಣಿನ ಅಳತೆ ಹಿಡಿಯುವುದು, ದಾರ ಸುತ್ತಿ ಒಳಗಿಂದ ಎಳೆದು ಗಂಟು ಬಿಗಿಯುವುದು, ಮತ್ತೆ ಬೆರಳು ಇಡುವುದು. ಒಂದು ಮಾತಿಲ್ಲ. ಮಕ್ಕಳು ಸುತ್ತ ಮುತ್ತಿಕೊಂಡರು. ದಿನಾ ತಮ್ಮನನ್ನು ಸೊಂಟದಲ್ಲಿಟ್ಟುಕೊಂಡೇ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಅಮ್ಮ ಎಲೆ ಕೊಯ್ಯಲು ಹೋದರೆ ಮಗು ಇವಳ ಕೈಗೆ. ಅವಳು ತಮ್ಮನನ್ನು ಮಡಿಲಲ್ಲಿ ಕೂರಿಸಿ, ಅವನ ತಲೆಯ ಮೇಲಿಂದ ಕೈ ಚಾಚಿ ಗಂಟು ಹಾಕಿದಳು. ಮೊದಲ ಸಾಲಿನ ಕಣ್ಣುಗಳು ಒಂದೊಂದು ಒಂದೊಂದು ಅಳತೆ, ಮೂರನೇ ಸಾಲಿಗೆ ಎಲ್ಲ ಸಮ. ಮಲ್ಪೆಯ ಹುಡುಗ "ಇವಳನ್ನು ಬೋಟಿಗೆ ಕೆಲಸಕ್ಕೆ ತೆಗೆದುಕೊಳ್ಳಬಹುದು" ಅಂದ. ಪೇತ್ರನ ಕಥೆ ಮರುದಿನ ಮುಗಿಯಿತು. ಬಲೆ ಈಗ ಅಲ್ಲಿ ವಾಲಿಬಾಲ್ ಕಂಬಕ್ಕೆ ಕಟ್ಟಿದ್ದಾರಂತೆ.

ಬಂದ ಮಕ್ಕಳಲ್ಲಿ ಹೆಚ್ಚಿನವರು ಹಿಂದೂ ಮನೆಯವರು. ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು. ಏನು ಮಾಡುತ್ತೇವೆ, ಏನು ಹಾಡುತ್ತೇವೆ ಎಂದು ಅಲ್ಲಿನ ಸಭಾಪಾಲಕರು ಮೊದಲೇ ಮನೆಮನೆಗೆ ಹೋಗಿ ಹೇಳಿ, ಒಪ್ಪಿಗೆ ಪಡೆದಿದ್ದರು. ಅವರಿಗೆ ನನ್ನ ದೊಡ್ಡ ವಂದನೆ. "ಹಳೇ ಬಟ್ಟೆ ತರಬೇಡಿ, ಪುಸ್ತಕ ಪೆನ್ಸಿಲ್ ಇಲ್ಲಿನ ಅಂಗಡಿಯಲ್ಲೇ ತೆಗೆದುಕೊಳ್ಳಿ" ಎಂದು ನೇರವಾಗಿ ಹೇಳಿದವರೂ ಅವರೇ.

ಫೋಟೋ ಎಲ್ಲಿ ಅಂತ ತುಂಬ ಮಂದಿ ಕೇಳುತ್ತಿದ್ದೀರಿ. ಮಕ್ಕಳ ಮುಖ ಕಾಣುವ ಫೋಟೋ ಹಾಕುವುದಿಲ್ಲ. ಹೊರಡುವ ಮೊದಲೇ ಮಾಡಿದ ತೀರ್ಮಾನ ಅದು. ಪರದೇಶದಿಂದ ಯಾರೋ ಬಂದು ನಮ್ಮ ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರೆ ನಾವು ಸುಮ್ನೆ ಇರ್ತೇವಾ?

ಇದನ್ನು ಮಿಷನ್ ಅಂತ ಕರೆಯಲು ನನಗೆ ಸ್ವಲ್ಪ ಸಂಕೋಚ. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ ಮಂಗಳೂರಿಗೆ ಮಿಷನರಿಗಳು ಬಂದರು. ಅವರೂ ಅವರ ನಂತರ ಬಂದವರೂ ವರ್ಷಗಟ್ಟಲೆ ಇಲ್ಲೇ ಇದ್ದು ಕನ್ನಡ, ತುಳು ಕಲಿತರು. ಅವರಲ್ಲೊಬ್ಬರಾದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಗುವುದಕ್ಕೆ ಮೊದಲು ಅವರು ಅದಕ್ಕೆ ಎಷ್ಟು ವರ್ಷ ಸುರಿದಿದ್ದರು! ನಾವು ರಜೆ ಹಾಕಿ ಹೋಗಿ ರಜೆ ಮುಗಿದಾಗ ಬಂದವರು. ನಾವು ಬಂದೆವು ಅಂತ ಆ ಮಕ್ಕಳ ಬದುಕು ಬದಲಾಗಿಲ್ಲ. ನಿಜವಾದ ಕೆಲಸ ಮಾಡುತ್ತಿರುವವರು ಅಲ್ಲಿನ ಸಂಜೆ ತರಗತಿಯ ಟೀಚರ್. ಅವರೂ ಲೈನ್ ಮನೆಯಲ್ಲೇ ಬೆಳೆದವರು. ಶಾಲೆ ಮುಗಿಸಿ ಬಂದು, ಒಂದು ಪ್ಲೇನ್ ಟೀ ಕುಡಿದು, ಐದನೇ ತರಗತಿಯ ಸ್ಕಾಲರ್‌ಶಿಪ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಾರೆ. ಅಲ್ಲಿ ಆ ಪರೀಕ್ಷೆ ಬಹಳ ದೊಡ್ಡದು. ಪಾಸಾದರೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಗುವ ದಾರಿ. ನಮ್ಮ ಬಣ್ಣದ ಪೇಪರ್, ಗೊಂಬೆ ಎಲ್ಲ ಇಟ್ಟುಕೊಂಡು "ಲೆಕ್ಕ ಹೇಳಿಕೊಡಲು ಯಾರಿಗಾದರೂ ಬರುತ್ತಾ?" ಅಂತ ಕೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಅಲ್ಲಿಂದ ಮುಂದೆ ದಿನಾ ಸಂಜೆ ಭಿನ್ನರಾಶಿ. ನಿಜ ಹೇಳಬೇಕೆಂದರೆ ಅದೇ ನನಗೆ ಜಾಸ್ತಿ ಖುಷಿ ಕೊಟ್ಟದ್ದು.

ಉಳಿದ ದುಡ್ಡನ್ನು ಆ ಟೀಚರ ತರಗತಿಗೆ ಬೆಂಚು, ದೀಪಕ್ಕೆಂದು ಅಲ್ಲಿನ ಸಭೆಗೆ ಕೊಟ್ಟು ರಸೀದಿ ತಂದಿದ್ದೇವೆ. ಪೂರ್ತಿ ಲೆಕ್ಕವನ್ನು ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಹಾಲ್‌ನಲ್ಲಿ ಒಪ್ಪಿಸುತ್ತೇವೆ. ಹ್ಯಾಟನ್ ಚಹಾ ಇರುತ್ತದೆ. ಮಹಿಳಾ ಕೂಟದವರು ದಯವಿಟ್ಟು ಅವತ್ತು ಅಡುಗೆಮನೆ ಕಡೆ ಬರಬೇಡಿ, ಬಡಿಸುವುದು ನಾವು. ಸೂಟ್‌ಕೇಸ್, ಸ್ವೆಟರ್ ಕೊಟ್ಟವರು ಮರೆಯದೆ ವಾಪಸ್ ತೆಗೆದುಕೊಂಡು ಹೋಗಿ. ನೀಲಿ ಸೂಟ್‌ಕೇಸ್ ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ.