ನಂಟರಿಗೆ 10 ಲಕ್ಷ ಬಿಟ್ಟಿದ್ದೀರಿ, ವಾಚನಾಲಯಕ್ಕೂ ಬಿಡಿ: ಕಾಸರಗೋಡಿನ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಚುನಾವಣೆ ಬಂದಾಗ ಎಲ್ಲ ಪಕ್ಷದವರ ನೋಟೀಸೂ ನಮ್ಮ ಕಡೆಗೆ ಚಂದದ ಕನ್ನಡದಲ್ಲೇ ಬರ್ತದೆ, ಹಾಗಾಗಿ ನಿಮ್ಮ ಆಫೀಸಲ್ಲೂ ಕನ್ನಡ ಓದುವವರು ಒಬ್ಬರಾದ್ರೂ ಇರ್ತಾರೆ ಅಂತ ಧೈರ್ಯ ಮಾಡಿ ಬರೀತಾ ಇದ್ದೇನೆ. ನಾನು ಎಣ್ಮಕಜೆ ಪಂಚಾಯತಿನ ಒಂದು ಸಣ್ಣ ವಾಚನಾಲಯದ ಕಾರ್ಯದರ್ಶಿ. ಕೇಳ್ಲಿಕ್ಕೆ ಇರುದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡ್ತೇನೆ, ಕೊನೆವರೆಗೆ ಓದುವ ಪುರುಸೊತ್ತು ನಿಮಗೆ ಇರ್ಲಿಕ್ಕಿಲ್ಲ. ವಿದೇಶದಿಂದ ಬರುವ ಸಣ್ಣ ಅನುದಾನ, 10 ಲಕ್ಷದ ಒಳಗಿನದ್ದು, ನಮ್ಮಂಥ ಊರಿನ ಸಂಘಗಳು ತಗೊಳ್ಳುವ ಹಾಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನಿಯಮವನ್ನು ಸಡಿಲ ಮಾಡಿಸಿ ಕೊಡಿ.

ನಮ್ಮಲ್ಲಿ ಪೇಟೆವರೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಗುಡ್ಡದ ಆಚೆ ಬದಿಗೆ ಎಂತದೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಇದ್ದ ಟವರೂ ಹೋಯ್ತು. ಕೊರೋನಾ ಕಾಲದಲ್ಲಿ, 2020 ಜೂನ್ ಒಂದಕ್ಕೆ, ಕೇರಳ ಸರಕಾರದ ಫಸ್ಟ್ ಬೆಲ್ ಆನ್‌ಲೈನ್ ಕ್ಲಾಸ್ ಸುರುವಾದಾಗ ನಮ್ಮ ಮಕ್ಕಳು ಕೊಡೆ ಹಿಡ್ಕೊಂಡು ಗುಡ್ಡದ ತಲೆಯಲ್ಲಿ ಕೂತಿದ್ರು, ನೋಡಿದವರೆಲ್ಲ ಅಯ್ಯೋ ಪಾಪ ಅಂದ್ರು, ಫೋಟೋ ತೆಗೆದ್ರು, ಹೋದ್ರು. ಆ ಮಕ್ಕಳಲ್ಲಿ ಕೆಲವರು ಈಗ ಕಾಲೇಜಿಗೆ ಹೋಗ್ತಾರೆ, ರೇಂಜ್ ಮಾತ್ರ ಇನ್ನೂ ಗುಡ್ಡದಲ್ಲೇ ಉಂಟು.

ನಾವು ಸುಮ್ಮನೆ ಕೂರ್ಲಿಲ್ಲ ಸಾರ್. ಪೇಟೆಯ ಫೈಬರಿನಿಂದ ಗುಡ್ಡದ ಮೇಲಿನ ಒಂದು ಕಂಬಕ್ಕೆ, ಅಲ್ಲಿಂದ ವಾಚನಾಲಯದ ಮಾಡಿಗೆ ವೈಫೈ ಡಿಶ್ ಕಟ್ಟುದು, ಸೋಲಾರ್ ಬ್ಯಾಟರಿ ಇಡುದು, ನೆಟ್ ಕೈಕೊಟ್ಟ ದಿನಕ್ಕೂ ಆಗುವ ಹಾಗೆ ಕನ್ನಡ ಮೀಡಿಯಂ ಪಾಠಗಳನ್ನೆಲ್ಲ ತುಂಬಿಸಿದ ಒಂದು ಕಂಪ್ಯೂಟರ್ ವಾಚನಾಲಯದಲ್ಲೇ ಇಡುದು ಅಂತ ನಮ್ಮ ಹುಡುಗರು ಲೆಕ್ಕ ಹಾಕಿದ್ರು. ಇದ್ರಲ್ಲಿ ಕಾನೂನಿಗೆ ವಿರುದ್ಧವಾದ್ದು ಏನೂ ಇಲ್ಲ, 5 ಗಿಗಾಹರ್ಟ್ಸ್ ವೈಫೈಗೆ ಲೈಸನ್ಸ್ ಬೇಡ ಅಂತ 2018ರಲ್ಲೇ ಆಗಿದೆ, 2020 ಡಿಸೆಂಬರಿನ ಪಿಎಂ-ವಾಣಿ ಅನ್ನುವ ಸಾರ್ವಜನಿಕ ವೈಫೈ ಯೋಜನೆಯ ಪ್ರಕಾರ ಗೂಡಂಗಡಿಯವರೂ ವೈಫೈ ಹಂಚಬಹುದು, ಇದೆಲ್ಲ ನಿಮಗೆ ಗೊತ್ತಿರುವಂಥದ್ದೇ. ಹೊಸ ಸಾಹಸವೂ ಅಲ್ಲ. ನೇಪಾಳದ ನಾಂಗಿ ಹಳ್ಳಿಯಲ್ಲಿ ಮಹಾಬೀರ್ ಪುನ್ ಅನ್ನುವ ಮೇಷ್ಟ್ರು ಮರಕ್ಕೆಲ್ಲ ಆಂಟೆನಾ ಕಟ್ಟಿ ಹಿಮಾಲಯದ ಹಳ್ಳಿಗಳಿಗೆ ನೆಟ್ ಮುಟ್ಟಿಸಿದ್ರು, 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮದೇ ದೇಶದ ಧರ್ಮಶಾಲಾದಲ್ಲಿ ಏರ್‌ಜಲ್ದಿ ಅನ್ನುವ ಸಂಸ್ಥೆಯವರು ಬೆಟ್ಟದಿಂದ ಬೆಟ್ಟಕ್ಕೆ ಇದನ್ನೇ ಮಾಡಿದ್ದು. ನಮ್ಮ ಗುಡ್ಡ ಹಿಮಾಲಯಕ್ಕಿಂತ ಎತ್ತರ ಏನಲ್ಲ.

ಇಂಥ ಕೆಲಸಕ್ಕೇ ಅಂತ ಏಷ್ಯಾದಲ್ಲಿ ಸಣ್ಣ ಅನುದಾನಗಳು ಉಂಟು. ಐಎಸ್‌ಐಎಫ್ ಏಷ್ಯಾ ಅಂತ ಒಂದು ನಿಧಿ 2008ರಿಂದ ಇದೆ. ಅದನ್ನು ಸುರು ಮಾಡಿದ್ದು ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ಐಪಿ ಅಡ್ರೆಸ್ ಹಂಚುವ ಬ್ರಿಸ್ಬೇನಿನ ಎಪಿನಿಕ್, ಜೊತೆಗೆ ಕೆನಡಾದ ಐಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ, ಇಂಟರ್ನೆಟ್ ಸೊಸೈಟಿ ಎಲ್ಲ ಸೇರಿದ್ರು. ಊರಿನವರು ಊರಿಗೆ ಬೇಕಾದ್ದನ್ನು ಮಾಡ್ಲಿ ಅಂತ ಕೊಡುವ ದುಡ್ಡು. ನಮಗೆ ಬೇಕಾದದ್ದು ಕೆಲವು ಲಕ್ಷ, ಅಷ್ಟೆ.

ಆದ್ರೆ ಅದನ್ನು ತಗೊಳ್ಳುದು ಹೇಗೆ? ಎಫ್‌ಸಿಆರ್‌ಎ ನೋಂದಣಿ ಬೇಕಾದ್ರೆ ಸಂಘಕ್ಕೆ ಮೂರು ವರ್ಷ ಆಗಿರ್ಬೇಕು, ಸರಿ, ನಮಗೆ ಆಗಿದೆ. ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರ್ಬೇಕಂತೆ. ನಮ್ಮ ವಾಚನಾಲಯದಲ್ಲಿ ಟ್ಯೂಬ್‌ಲೈಟ್ ಬದಲಿಸ್ಲಿಕ್ಕೆ ಕಮಿಟಿ ಮೀಟಿಂಗ್ ಕರೀತೇವೆ, 15 ಲಕ್ಷ ಎಲ್ಲಿಂದ ತರುದು? ಅಷ್ಟು ದುಡ್ಡು ಇದ್ದಿದ್ರೆ ಬ್ರಿಸ್ಬೇನಿಗೆ ಕೈ ಯಾಕೆ ಚಾಚ್ತಿದ್ದೆವು ಮಾರಾಯ್ರೆ. ನೋಂದಣಿ ಇರುವ ದೊಡ್ಡ ಸಂಸ್ಥೆಯ ಮೂಲಕ ತಗೊಳ್ಳುವ ಅಂದ್ರೆ 2020ರ ತಿದ್ದುಪಡಿ ಅದನ್ನೂ ಮುಚ್ಚಿತು, ಒಬ್ಬರಿಗೆ ಬಂದ ವಿದೇಶಿ ದುಡ್ಡು ಇನ್ನೊಬ್ಬರಿಗೆ ದಾಟಿಸುವ ಹಾಗೇ ಇಲ್ಲ. ಇನ್ನು ಉಳಿದದ್ದು ಮುಂಗಡ ಅನುಮತಿ. ಕೊಡುವವರು ಕೊಡ್ತೇನೆ ಅಂತ ಮೊದಲು ಬರೆದು ಕೊಡ್ಬೇಕು, ಆಮೇಲೆ ಡೆಲ್ಲಿ ಒಪ್ಪಿಗೆಗೆ ಕಾಯ್ಬೇಕು, ಖಾತೆ ಡೆಲ್ಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಆಗ್ಬೇಕು. ನಿಮಗೆ ಅದು ಪಾರ್ಲಿಮೆಂಟಿನ ಪಕ್ಕ, ನಡ್ಕೊಂಡು ಹೋಗುವಷ್ಟು ಹತ್ತಿರ.

ಕಾಗದ ಪತ್ರ ಸರಿಮಾಡ್ಲಿಕ್ಕೆ ನಾನು ಒಂದು ಆಫೀಸಿಗೆ ಹೋಗಿದ್ದೆ, ಯಾವ ಆಫೀಸು ಅಂತ ಬರೆಯುದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗ್ಲಿಕ್ಕೆ ಉಂಟು. ನಮ್ಮ ಮಿನಿಟ್ಸ್ ಪುಸ್ತಕ ಕನ್ನಡದಲ್ಲಿ ಇದೆ, ಇದು ಆಗುದಿಲ್ಲ, ಪೂರ್ತಿ ಪುಸ್ತಕವನ್ನು ಮಲಯಾಳಂ ಅಥವಾ ಇಂಗ್ಲಿಷಿಗೆ ಮಾಡಿಸಿ ಸೀಲ್ ಹಾಕಿಸಿ ತನ್ನಿ ಅಂದ್ರು. ಕನ್ನಡದವರು ಸರಕಾರಿ ಆಫೀಸಿಗೆ ಕನ್ನಡದಲ್ಲೇ ಬರೀಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟಲ್ವಾ ಅಂತ ಕೇಳಿದೆ. ಅದು ಕಾಯ್ದೆ, ಇದು ಕೌಂಟರ್ ಅಂದ್ರು! ಮಾಡಿಸಿದೆವು. ಎರಡು ಹಿಡಿಸೂಡಿ ತಗೊಂಡ ನಿರ್ಣಯ, ಮಾಡಿನ ಓಡು ಬದಲಿಸಿದ ನಿರ್ಣಯ, ಎಲ್ಲದಕ್ಕೂ ಪುಟಕ್ಕಿಷ್ಟು ಅಂತ ಕೈಯಿಂದ ದುಡ್ಡು ಕೊಟ್ಟು. ತಗೊಂಡು ಹೋದ್ರೆ ಅವರು ಪುಸ್ತಕ ತೆರೆದು ಸಹ ನೋಡ್ಲಿಲ್ಲ. "ಫಾರಿನ್ ದುಡ್ಡು ಅಂತೀರಿ, ನಾಳೆ ನನ್ನ ಬಾಗಿಲಿಗೆ ಎನ್‌ಐಎ ಬಂದ್ರೆ? ಅಷ್ಟಕ್ಕೂ ಇಂಟರ್ನೆಟ್ಟಿಗೆ ಅನುದಾನ ಎಂತಕ್ಕೆ, ಫೋನಿಗೆ ರೀಚಾರ್ಜ್ ಮಾಡಿದ್ರೆ ಸಾಕಲ್ಲ" ಅಂದ್ರು. ಪಕ್ಕದ ಮೇಜಿನವರು ನಗಾಡಿದ್ರು. ಅಷ್ಟರಲ್ಲಿ ಆ ಸಲದ ಅನುದಾನದ ಅರ್ಜಿಯ ಕೊನೇ ದಿನ ಕಳೆದು ಹೋಗಿತ್ತು.

ಈಗ ನನ್ನ ಹೊಟ್ಟೆ ಉರಿಯುವ ವಿಷಯ ಕೇಳಿ. ದುಬೈಯಲ್ಲಿರುವ ಮಗ ಮನೆಗೆ ಕಳಿಸುವ ದುಡ್ಡಿಗೆ ಎಫ್‌ಸಿಆರ್‌ಎಯೇ ಇಲ್ಲ, ಅದು ನ್ಯಾಯವೇ. ಅಮೆರಿಕದ ಪೌರತ್ವ ತಗೊಂಡ ಅಣ್ಣ ವರ್ಷಕ್ಕೆ 10 ಲಕ್ಷದವರೆಗೆ ಕಳಿಸಿದ್ರೂ ಸರಕಾರಕ್ಕೆ ತಿಳಿಸ್ಬೇಕಾಗಿಲ್ಲ, ಮೊದಲು ಒಂದು ಲಕ್ಷ ಇದ್ದದ್ದನ್ನು 2022 ಜುಲೈಯಲ್ಲಿ 10 ಮಾಡಿದ್ದು ನಿಮ್ಮ ಡೆಲ್ಲಿಯವರೇ. ಆ 10 ಲಕ್ಷದಲ್ಲಿ ಅವ ಮನೆಗೆ ಟೈಲ್ಸ್ ಹಾಕಿಸಬಹುದು, ಹೊಸ ಕಾರು ತರಬಹುದು, ಯಾರೂ ಕೇಳುದಿಲ್ಲ. ಲೆಕ್ಕಪತ್ರ ಇಟ್ಟು, ವರ್ಷ ವರ್ಷ ಆಡಿಟ್ ಮಾಡಿಸಿ, ಊರಿಗೆಲ್ಲ ನೆಟ್ ಕೊಡ್ತೇವೆ ಅಂತ ಹೇಳುವ ವಾಚನಾಲಯದ ಮೇಲೆ ಮಾತ್ರ ಸಂಶಯ. ಕಳ್ಳ ದುಡ್ಡು ತಡೀರಿ, ಬೇಡ ಅಂದವರು ಯಾರು? ಐದು ಲಕ್ಷದ ವೈಫೈ ಡಿಶ್ಶಿನಲ್ಲಿ ದೇಶದ ಭದ್ರತೆಗೆ ಎಂತ ಆಗ್ತದೆ ಅಂತ ಒಮ್ಮೆ ಹೇಳಿ ನೋಡುವ.

ಹಾಗಾಗಿ ಮತ್ತೆ ಕೇಳ್ತೇನೆ. ನಂಟರಿಗೆ ಬಿಟ್ಟ 10 ಲಕ್ಷದ ಮಿತಿಯನ್ನು ನೋಂದಣಿ ಇರುವ ವಾಚನಾಲಯ, ಸಹಕಾರಿ ಸಂಘಗಳಿಗೂ ಬಿಡಿ. ತಿಳಿಸದೇ ಕೊಡಿ ಅಂತ ಕೇಳುದಿಲ್ಲ, ಪ್ರತಿ ರೂಪಾಯಿಯ ಲೆಕ್ಕ ಕಲೆಕ್ಟರಿಗೆ ಕೊಡ್ತೇವೆ, 15 ಲಕ್ಷದ ಆ ಷರತ್ತು ತೆಗೀರಿ, ಅನುಮತಿ ಜಿಲ್ಲೆಯಲ್ಲೇ ಸಿಗ್ಲಿ, ಇಷ್ಟು ದಿನದೊಳಗೆ ಹೌದು ಅಥವಾ ಅಲ್ಲ ಅಂತ ಹೇಳ್ಲಿ. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ, ಗೃಹ ಸಚಿವಾಲಯಕ್ಕೆ ಒಂದು ಪತ್ರ ಬರೀರಿ. 10 ಲಕ್ಷದವರೆಗೆ ಬಿಡಿ ಅಂತ ಒಂದೇ ಸಾಲು ಸಾಕು. ಅನುದಾನದ ಮುಂದಿನ ಸುತ್ತಿಗೆ ಮೊದಲು ಆದ್ರೆ ಉಪಕಾರ.

ಇತಿ,
ಎಣ್ಮಕಜೆಯ ಒಂದು ವಾಚನಾಲಯದ ಕಾರ್ಯದರ್ಶಿ